ಜೀಪಿನ ಮೈಲೇಜ್ ಹೆಚ್ಚಿಸೋದು ಹೇಗೆ? ಎರಿ ಹೊಲಕ್ಕೂ ಟಾರ್ ರಸ್ತೆಗೂ ಓಡುವ ಗಾಡಿಗೊಂದು ಸಮಗ್ರ ಮಾರ್ಗದರ್ಶಿ

ಬೊಲೆರೋ, ಥಾರ್, ಜಿಪ್ಸಿ, ಜಿಮ್ನಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇವುಗಳ ದಿನಚರಿ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ಹೊಲಕ್ಕೋ ಸೈಟಿಗೋ ಹೋಗಬೇಕು, ಮಧ್ಯಾಹ್ನ ಎಪಿಎಂಸಿ, ಸಂಜೆ ಪೇಟೆ. ರಜೆ ಬಂದರೆ ದಾಂಡೇಲಿ ಕಡೆಗೋ ತುಂಗಭದ್ರೆಯ ದಂಡೆಗೋ ಒಂದು ಸುತ್ತು. ಲೆಕ್ಕ ಹಾಕಿ ನೋಡಿ, ರಾಡಿಯಲ್ಲಿ ಓಡುವುದು ಸ್ವಲ್ಪ, ಟಾರ್ ಮೇಲೆ ಓಡುವುದೇ ಜಾಸ್ತಿ. ಎಣ್ಣೆ, ಅಂದರೆ ಡೀಸೆಲ್ಲೋ ಪೆಟ್ರೋಲೋ, ಸುಡುವುದೂ ಅಲ್ಲೇ. ಆದರೆ ಗಾಡಿ ಮಾತ್ರ ವರ್ಷಪೂರ್ತಿ ರಾಡಿಗೆ ಸಜ್ಜಾಗಿಯೇ ಇರುತ್ತದೆ. ದಪ್ಪ ಗುಂಡಿಯ ಟಯರ್, ಮೇಲೆ ಕ್ಯಾರಿಯರ್, ಮುಂದೆ ಕಬ್ಬಿಣದ ಬಂಪರ್, ಹಿಂದೆ ಸಲಿಕೆ, ಹಗ್ಗ, ಜಾಕ್. ಮೈಲೇಜ್ ಸೋರಿಹೋಗುವುದು ಇಲ್ಲಿಂದಲೇ.

ಕಂಪನಿ ಹೇಳಿದ ಅಂಕಿ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಜಿಮ್ನಿ ಮ್ಯಾನುಯಲ್‌ಗೆ ಲೀಟರಿಗೆ 16.94 ಕಿಲೋಮೀಟರ್ ಅಂತಿದೆ. ಅದು ಲ್ಯಾಬಿನೊಳಗೆ ರೋಲರ್ ಮೇಲೆ ಗಾಡಿ ಓಡಿಸಿ ಬಂದ ಅಂಕಿ. ಅಲ್ಲಿ ಗದಗಿನ ಗಾಳಿ ಇರಲ್ಲ, ನವಲಗುಂದದ ರಾಡಿ ಇರಲ್ಲ. ನಿಮ್ಮ ಗಾಡಿ ನಿಮ್ಮ ರಸ್ತೆಯಲ್ಲಿ ನಿಜಕ್ಕೂ ಎಷ್ಟು ಕೊಡಬಲ್ಲದೋ ಅಷ್ಟನ್ನು ವಾಪಸ್ ಪಡೆಯುವುದೇ ಇಲ್ಲಿನ ಕೆಲಸ.

ಹೆಜ್ಜೆ 1: ಮೊದಲು ಸರಿಯಾಗಿ ಅಳೆಯಿರಿ

"ಎಷ್ಟು ಕೊಡ್ತದ?" ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಅಂದಾಜೇ ಬರುತ್ತದೆ. ಮುಂದೆ ಹೇಳುವ ಕೆಲಸಗಳಲ್ಲಿ ಒಂದೊಂದರಿಂದ ಸಿಗುವ ಲಾಭ ಶೇಕಡಾ ಎರಡೋ ಮೂರೋ ಇರಬಹುದು. ಅಂದಾಜಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇರುತ್ತದೆ. ಹಾಗಾಗಿ ಟಾಕಿಯಿಂದ ಟಾಕಿಗೆ ಅಳೆಯಿರಿ.

ಒಂದೇ ಪಂಪ್, ಸಾಧ್ಯವಾದರೆ ಅದೇ ಮಷೀನ್. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಪೈಪ್ ತಾನೇ ಕಟ್ ಆದ ಮೇಲೆ ನಿಲ್ಲಿಸಿ. "ಇನ್ನೊಂದು ಸ್ವಲ್ಪ ಹಿಡಿತದ ಸರ್" ಅಂತ ಹುಡುಗ ತುಂಬಲು ಹೋದರೆ ಬೇಡ ಅನ್ನಿ. ಡೀಸೆಲ್‌ನಲ್ಲಿ ನೊರೆ ಬರುವುದರಿಂದ ಆ "ಸ್ವಲ್ಪ" ಪ್ರತಿ ಸಲ ಬೇರೆಬೇರೆ ಆಗಿರುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅರ್ಧ ಟಾಕಿಗಿಂತ ಹೆಚ್ಚು ಓಡಿಸಿ, ಮತ್ತೆ ಅಲ್ಲೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯನ್ನು ನೋಡಿ, ಆದರೆ ನಂಬಿ ಕೂರಬೇಡಿ.

ಟಯರ್ ಸೈಜ್ ಬದಲಿಸಿದ್ದರೆ ಇನ್ನೊಂದು ಲೆಕ್ಕವಿದೆ. ಬೊಲೆರೋಗೆ 215/75 ಆರ್15 ಬದಲು 235/75 ಆರ್15 ಹಾಕಿದ್ದೀರಿ ಅಂದುಕೊಳ್ಳಿ. ಹಳೇ ಚಕ್ರದ ಎತ್ತರ ಸುಮಾರು 703 ಮಿಲಿಮೀಟರ್, ಹೊಸದರದ್ದು ಸುಮಾರು 733. ಚಕ್ರ ಒಂದು ಸುತ್ತು ಸುತ್ತಿದರೆ ಗಾಡಿ ಮೊದಲಿಗಿಂತ ಶೇಕಡಾ 4ರಷ್ಟು ಜಾಸ್ತಿ ಹೋಗುತ್ತದೆ. ಮೀಟರಿಗೆ ಅದು ಗೊತ್ತಾಗಲ್ಲ. ಮೀಟರ್ 500 ಅಂದಾಗ ನಿಜವಾಗಿ ಓಡಿದ್ದು 520ರ ಆಸುಪಾಸು. ದೊಡ್ಡ ಟಯರ್ ಹಾಕಿದ ಕೂಡಲೇ ಮೈಲೇಜ್ ಕುಸಿಯಿತು ಅನ್ನುವವರ ದೂರಿನಲ್ಲಿ ಇಷ್ಟು ಭಾಗ ಬರೀ ಮೀಟರಿನ ತಪ್ಪು. ಉಳಿದದ್ದು ನಿಜವಾದ ನಷ್ಟ, ಅದಕ್ಕೆ ಮುಂದೆ ಬರೋಣ.

ಇನ್ನೊಂದು ಮಾತು. ಬರೀ ಹೋಗುವ ದಾರಿಯಲ್ಲಿ ಅಳೆಯಬೇಡಿ, ಹೋಗಿ ಬಂದು ಅಳೆಯಿರಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಹತ್ತುವಾಗೊಂದು ಲೆಕ್ಕ, ಇಳಿಯುವಾಗ ಇನ್ನೊಂದು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಬೆನ್ನಿಗೆ ಗಾಳಿ, ಬರುವಾಗ ಎದೆಗೆ. ಒಂದೇ ರಸ್ತೆ, ಒಂದೇ ಡ್ರೈವರ್, ಆದರೂ ಅಂಕಿ ಎರಡು.

ಹೆಜ್ಜೆ 2: ಗಾಳಿ ನೋಡಿ, ಬೆಳಗ್ಗೆಯೇ ನೋಡಿ

ಟಯರಿನಲ್ಲಿ ಎಷ್ಟು ಗಾಳಿ (ಒತ್ತಡದ ಅಳತೆ ಪಿಎಸ್‌ಐ) ಇರಬೇಕು ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿದೆ. ಪಂಕ್ಚರ್ ಅಂಗಡಿಯವನ ಬಾಯಿಮಾತಿನ "35 ಹೊಡೀರಿ" ಎಲ್ಲ ಗಾಡಿಗೂ ಒಂದೇ ಮಂತ್ರ. ಅದು ಬೇಡ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಟಯರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಶೇಕಡಾ 0.2ರಷ್ಟು ಇಳಿಯುತ್ತದೆ. ಸಣ್ಣದು ಅನ್ನಿಸುತ್ತದೆ, ಅಲ್ವಾ? ಆದರೆ ಉಸುಕಿಗೆ ಅಂತ 18-20ಕ್ಕೆ ಇಳಿಸಿದ ಟಯರಿನಲ್ಲೇ ಮುಂಡರಗಿಯಿಂದ ಹುಬ್ಬಳ್ಳಿವರೆಗೆ ಬರುವವರಿದ್ದಾರೆ. ಅಲ್ಲಿ ಎಣ್ಣೆ ಹೋಗುವುದಷ್ಟೇ ವಿಷಯವಲ್ಲ. ಟಯರ್ ಬಗ್ಗಿ ಬಗ್ಗಿ ಬಿಸಿಯಾಗಿ ಸಿಡಿಯಬಹುದು. ಉಸುಕಿಗೆ ಇಳಿಯುವ ಅಭ್ಯಾಸ ಇದ್ದರೆ 12 ವೋಲ್ಟಿನ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಟಾರ್ ಮುಟ್ಟುವ ಮೊದಲೇ ತುಂಬಿ.

ಬೆಳಗ್ಗೆ ನೋಡಿ ಅಂದದ್ದಕ್ಕೆ ಕಾರಣ ಇದೆ. ಉಷ್ಣತೆ 5-6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಓಡಿಸಿಕೊಂಡು ಬಂದು ಅಳೆದರೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಜಾಸ್ತಿ ಆಯ್ತು ಅಂತ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆಯಾಗಿರುತ್ತದೆ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಏರುತ್ತದೆ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ.

ಟಯರಿನ ಜಾತಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ದಪ್ಪ ಗುಂಡಿಯ ಮಡ್ ಟಯರ್ ನೋಡಲು ಚಂದ. ಅದು ತೂಕ ಜಾಸ್ತಿ, ಟಾರ್ ಮೇಲೆ ಉರುಳುವುದಕ್ಕೂ ಹೆಚ್ಚು ಶಕ್ತಿ ಬೇಡುತ್ತದೆ, ಮೇಲೆ ಗುಂಯ್ ಅನ್ನುವ ಸದ್ದು ಬೇರೆ. ದಿನಾ ಮುಂಗಾರಿನಲ್ಲಿ ಎರಿ ಹೊಲಕ್ಕೆ ಇಳಿಯುವವರಿಗೆ ಸರಿ. ಉಳಿದವರಿಗೆ ಟಾರಿಗೂ ಕಚ್ಚಾ ದಾರಿಗೂ ಆಗುವ, ಕಂಪನಿ ಸೈಜಿನ ಆಲ್-ಟೆರೇನ್ ಟಯರ್ ಸಾಕು. ದೊಡ್ಡ ಸೈಜ್ ಹಾಕಿದರೆ ಗೇರುಗಳ ಲೆಕ್ಕವೇ ತಪ್ಪುತ್ತದೆ. ಐದನೇ ಗೇರಿನಲ್ಲಿ ಎಳೆಯದೆ ನಾಲ್ಕಕ್ಕೆ ಇಳಿಸುತ್ತೀರಿ, ಮೊದಲ ಗೇರಿನಲ್ಲಿ ಕ್ಲಚ್ ಹೆಚ್ಚು ಜಾರಿಸುತ್ತೀರಿ. ಎರಡಕ್ಕೂ ಎಣ್ಣೆಯೇ ಖರ್ಚು.

ಹೆಜ್ಜೆ 3: ಟಾರ್ ಮುಟ್ಟಿದ ಕೂಡಲೇ 2ಎಚ್

ಥಾರ್, ಜಿಮ್ನಿ, ಜಿಪ್ಸಿಯಂಥ ಗಾಡಿಗಳಲ್ಲಿ ಇರುವುದು ಪಾರ್ಟ್-ಟೈಮ್ 4x4, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವಂಥದ್ದು. 2ಎಚ್‌ನಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, 4ಎಚ್‌ನಲ್ಲಿ ನಾಲ್ಕಕ್ಕೂ. 4ಎಚ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗುತ್ತವೆ. ರಾಡಿಯಲ್ಲಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ, ಎಲ್ಲ ಭಾಗಗಳೂ ಬಿಗಿದುಕೊಳ್ಳುತ್ತವೆ. ಎಣ್ಣೆ, ಟಯರ್, ಗೇರ್ ಮೂರೂ ಹಾಳು.

ಹಳೆಯ ಜೀಪುಗಳಲ್ಲಿ ಕೆಲವಕ್ಕೆ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಇರುತ್ತದೆ. ಕ್ಯಾಬಿನ್ನಿನೊಳಗೆ 2ಎಚ್ ಹಾಕಿದರೂ ಈ ಹಬ್ ಲಾಕ್ ಆಗಿಯೇ ಇದ್ದರೆ ಮುಂದಿನ ಆಕ್ಸಲ್, ಡಿಫರೆನ್ಷಿಯಲ್, ಶಾಫ್ಟ್ ಎಲ್ಲವೂ ಸುಮ್ನೆ ಸುತ್ತುತ್ತಿರುತ್ತವೆ. ಕೆಳಗಿಳಿದು ಎರಡೂ ಹಬ್ಬನ್ನು 'ಫ್ರೀ'ಗೆ ತಿರುಗಿಸಿ. ರಾಡಿ ಮೆತ್ತಿಕೊಂಡು ಗಟ್ಟಿಯಾಗಿದ್ದರೆ ತೊಳೆದು ತಿರುಗಿಸಿ, ಇಕ್ಕಳ ಹಾಕಿ ಬಡಿಯಬೇಡಿ.

ಹೆಜ್ಜೆ 4: ಕೆಳಗಿನಿಂದ ತೊಳೆಯಿರಿ, ಬ್ರೇಕ್ ಹಿಡಿದಿದೆಯಾ ನೋಡಿ

ಈ ಭಾಗದಲ್ಲಿ ಮೈಲೇಜ್ ಕದಿಯುವ ದೊಡ್ಡ ಕಳ್ಳ ಇದೇ ಅಂತ ನನಗನ್ನಿಸುತ್ತದೆ. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದು ಉಬ್ಬುವ ಜಾತಿಯದು. ಮಳೆಯಾದ ಮೇಲೆ ಆ ಹೊಲದಲ್ಲಿ ಚಪ್ಪಲಿ ಹಾಕಿಕೊಂಡು ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಎತ್ತಲಾರದಷ್ಟು ಭಾರ. ಗಾಡಿಯ ಅಡಿಗೂ ಅದೇ ಗತಿ. ವಾಷಿಂಗ್ ಸೆಂಟರಿನಲ್ಲಿ ಮೇಲಿನ ಬಣ್ಣ ಹೊಳೆಯುವ ಹಾಗೆ ತೊಳೆದು ಕೊಡುತ್ತಾರೆ. ಚಾಸಿ ಸಂದಿಯಲ್ಲಿ, ಇಂಧನ ಟ್ಯಾಂಕಿನ ಗಾರ್ಡ್ ಮೇಲೆ, ಮಡ್‌ಗಾರ್ಡ್ ಒಳಗೆ ಮಣ್ಣು ಹಾಗೇ ಕೂತಿರುತ್ತದೆ. ಮುಂದಿನ ಸಲ ರ‍್ಯಾಂಪ್ ಮೇಲೆ ಹತ್ತಿಸಿಯೇ ತೊಳೆಸಿ, ಒಮ್ಮೆ ನೀವೇ ಕೆಳಗೆ ಬಗ್ಗಿ ನೋಡಿ.

ರಿಮ್ಮಿನ ಒಳಮೈಗೆ ಕೈ ಹಾಕಿ ನೋಡಿ. ಅಲ್ಲಿ ಒಂದು ಕಡೆ ಮಾತ್ರ ಮಣ್ಣು ಒಣಗಿ ಹೆಪ್ಪುಗಟ್ಟಿರುತ್ತದೆ. 70 ದಾಟಿದ ಮೇಲೆ ಸ್ಟೀರಿಂಗ್ ನಡುಗಿದರೆ ಎಷ್ಟೋ ಸಲ ಕಾರಣ ಇದೇ. ಬ್ಯಾಲೆನ್ಸಿಂಗ್ ಮಾಡಿಸುವ ಮೊದಲು ಅದನ್ನು ಕೆರೆದು ತೆಗೆಯಿರಿ.

ಇನ್ನು ಬ್ರೇಕ್. ಮಣ್ಣು, ನೀರು ಹೊಕ್ಕು ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಒಣಗುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಕೊಳವೆಯೊಳಗೆ ಬಿಗಿಯುತ್ತದೆ. ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಸ್ವಲ್ಪ ಸವರುತ್ತಲೇ ಇರುತ್ತದೆ. ಡ್ರೈವರಿಗೆ ಗೊತ್ತಾಗಲ್ಲ, ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತುತ್ತಾ ಹೋಗುತ್ತಾನೆ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಹೆಚ್ಚು ಬಳಸದೆ ತಾನೇ ನಿಧಾನವಾಗುವಂತೆ ಬಿಟ್ಟು ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಆಮೇಲೆ ಸಮತಟ್ಟು ನೆಲದಲ್ಲಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಆ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ. ಪಿನ್ ಬಿಚ್ಚಿ ಗ್ರೀಸ್ ಹಾಕಿಸುವುದು ಸಣ್ಣ ಕೆಲಸ. ಮಳೆಗಾಲ ಮುಗಿದ ಮೇಲೆ ಒಮ್ಮೆ ತಪ್ಪದೆ ಮಾಡಿಸಿ, ಅದರ ಜೊತೆಗೇ ಅಲೈನ್‌ಮೆಂಟ್ ಕೂಡ.

ಹೆಜ್ಜೆ 5: ಮೇಲಿನ ಭಾರ, ಎದುರಿನ ಗಾಳಿ

ಈ ಗಾಡಿಗಳ ಮುಖ ಗೋಡೆಯ ಹಾಗೆ ನೆಟ್ಟಗಿದೆ. ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ, ಗಾಳಿಯ ಅಡ್ಡಿ ಏರಿದ್ದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಎದುರುಗಾಳಿ ಗಂಟೆಗೆ 20 ಕಿಲೋಮೀಟರ್ ಇದ್ದರೆ ನೀವು 80ರಲ್ಲಿ ಹೋದರೂ ಗಾಡಿಗೆ ಬಡಿಯುವುದು 100ರ ಗಾಳಿ. ಗದಗಿನ ಸುತ್ತ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗದಗಿನಿಂದ ಹುಬ್ಬಳ್ಳಿ ಕಡೆ ಬರುವಾಗ 70ಕ್ಕೆ ಇಳಿಸಿ ನೋಡಿ, ಐದಾರು ನಿಮಿಷ ತಡವಾಗಬಹುದು, ಟಾಕಿಯ ಮುಳ್ಳಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಇದರ ಮೇಲೆ ಕ್ಯಾರಿಯರ್. ಮಾಡಿನ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತರೆ ಊರೊಳಗೆ ಶೇಕಡಾ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17ರವರೆಗೆ ಮೈಲೇಜ್ ಇಳಿಯುತ್ತದೆ ಅನ್ನುವುದು ಅದೇ ಅಮೆರಿಕದ ಇಲಾಖೆಯ ಅಂಕಿ. ಖಾಲಿ ಕ್ಯಾರಿಯರಿನ ನಷ್ಟ ಇದಕ್ಕಿಂತ ಕಡಿಮೆ, ಆದರೂ ನಾಲ್ಕು ಬೋಲ್ಟ್ ಬಿಚ್ಚಿದರೆ ಅದೂ ಉಳಿಯುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಒಯ್ಯುವ ಸೀಜನ್ನಿನಲ್ಲಿ ಕ್ಯಾರಿಯರ್ ಬೇಕು, ಸರಿ. ಮುಗಿದ ಮೇಲೆ ಬಿಚ್ಚಿ ಹಗೇವಿನ ಪಕ್ಕ ಇಡಿ. ಥಾರ್ ಸಾಫ್ಟ್-ಟಾಪ್ ಇದ್ದವರು ಹೆದ್ದಾರಿಯಲ್ಲಿ ಬಟ್ಟೆ ಬಿಗಿಯಾಗಿ ಕಟ್ಟಿಕೊಳ್ಳಿ, ಪಟಪಟ ಹೊಡೆದುಕೊಳ್ಳುವ ಬಟ್ಟೆಯೂ ಗಾಳಿ ಹಿಡಿಯುತ್ತದೆ.

ತೂಕದ ಲೆಕ್ಕ: ಸುಮಾರು 45 ಕಿಲೋ ಹೆಚ್ಚಾದರೆ ಶೇಕಡಾ 1 ನಷ್ಟ. ಹಿಂದೆ ಇಟ್ಟ ಗೊಬ್ಬರದ ಅರ್ಧ ಚೀಲ, ಹಳೇ ಪಂಪ್‌ಸೆಟ್ಟಿನ ಫುಟ್‌ವಾಲ್ವ್, ಎರಡು ನೀರಿನ ಕ್ಯಾನು, ಯಾರದೋ ಕಬ್ಬಿಣದ ಹಾರೆ. ಒಮ್ಮೆ ಎಲ್ಲ ಕೆಳಗಿಳಿಸಿ ನೋಡಿ. ಮುಂದಿನ ಬುಲ್‌ಬಾರಿಗೆ, ಅಂದರೆ ಆ ಕಬ್ಬಿಣದ ಬಂಪರಿಗೆ, ಬೇರೆ ತೊಂದರೆಯೂ ಇದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಹೇಳಿದೆ. ತೆಗೆಸಿ ಹಾಕಿದರೆ ತೂಕವೂ ಇಳಿಯಿತು, ದಂಡವೂ ತಪ್ಪಿತು.

ಹೆಜ್ಜೆ 6: ಎಂಜಿನ್ ಕಡೆ

ಮೊದಲು ಟೆಂಪರೇಚರ್ ಮುಳ್ಳು ನೋಡಿ. ನಮ್ಮ ಕಡೆ ಹಳೇ ಗ್ಯಾರೇಜುಗಳಲ್ಲಿ ಒಂದು ರೂಢಿಯಿದೆ. ಗಾಡಿ ಬಿಸಿಯಾಗುತ್ತದೆ ಅಂದ ಕೂಡಲೇ ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಕೈಗೆ ಕೊಡುತ್ತಾರೆ. "ಇನ್ಮ್ಯಾಗ ಬಿಸಿ ಆಗಂಗಿಲ್ರೀ." ಹೌದು, ಆಗಲ್ಲ. ಬೇಕಾದಷ್ಟೂ ಆಗಲ್ಲ. ಎಂಜಿನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಕೂಲಂಟ್ 80-90 ಡಿಗ್ರಿ ಹತ್ತಿರ ಇರಬೇಕು. ತಣ್ಣಗಿದ್ದರೆ ಕಂಪ್ಯೂಟರ್ ಇರುವ ಗಾಡಿ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಇಂಧನ ಜಾಸ್ತಿ ಬಿಡುತ್ತದೆ. ಆಯಿಲ್ ಕೂಡ ದಪ್ಪಗೇ ಇರುತ್ತದೆ. 15 ಕಿಲೋಮೀಟರ್ ಓಡಿದ ಮೇಲೂ ಮುಳ್ಳು ಕೆಳಗೇ ಇದ್ದರೆ ವಾಲ್ವ್ ಇದೆಯೋ ಇಲ್ಲವೋ ಕೇಳಿ, ಇಲ್ಲದಿದ್ದರೆ ಹೊಸದು ಹಾಕಿಸಿ. ಗಾಡಿ ಬಿಸಿಯಾಗುತ್ತಿದ್ದುದಕ್ಕೆ ನಿಜವಾದ ಕಾರಣ ಬಹಳ ಸಲ ರೇಡಿಯೇಟರ್. ಅದರ ಜಾಲರಿಯಲ್ಲಿ ಅರಳೆ, ಹುಲ್ಲಿನ ಬೀಜ, ಒಣ ರಾಡಿ ತುಂಬಿರುತ್ತದೆ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಜೋರಾಗಿ ಹೊಡೆದರೆ ರೆಕ್ಕೆಗಳು ಬಗ್ಗುತ್ತವೆ.

ಏರ್ ಫಿಲ್ಟರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಇಂಜೆಕ್ಷನ್ ಇರುವ ಹೊಸ ಗಾಡಿಯಲ್ಲಿ ಫಿಲ್ಟರ್ ಸ್ವಲ್ಪ ಕೊಳೆಯಾದರೆ ಮೈಲೇಜಿಗಿಂತ ಪಿಕಪ್ ಮೊದಲು ಕಡಿಮೆಯಾಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೇ ಜಿಪ್ಸಿಯಲ್ಲಿ ಮೈಲೇಜಿಗೂ ಪೆಟ್ಟು. ಏನೇ ಇರಲಿ, ಸುಗ್ಗಿಯ ಧೂಳಿನಲ್ಲಿ ಫಿಲ್ಟರ್ ಎಂಜಿನ್ನಿನ ಆಯಸ್ಸಿಗೆ ಬೇಕೇಬೇಕು. ನೆಲಕ್ಕೆ ಬಡಿಯಬೇಡಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹಿಡಿಯಿರಿ, ಬಣ್ಣ ಕೆಟ್ಟರೆ ಬದಲಿಸಿ.

ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನದೇ ಇರಲಿ. ದಪ್ಪ ಆಯಿಲ್ ಒಳ್ಳೆಯದು ಅನ್ನುವುದು ಹಳೇ ಮಾತು. ಹಳ್ಳದ ನೀರಿನಲ್ಲಿ ಹಾಯಿಸಿದ್ದರೆ ಡಿಫರೆನ್ಷಿಯಲ್ ಆಯಿಲ್ ನೋಡಿ. ಹಾಲು ಬೆರೆಸಿದ ಬಣ್ಣ ಬಂದಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ.

ಬಿಎಸ್6 ಡೀಸೆಲ್ ಗಾಡಿ, ಅಂದರೆ 2020ರ ಏಪ್ರಿಲ್ ನಂತರ ಮಾರಾಟವಾದವು, ಇದ್ದವರಿಗೆ ಡಿಪಿಎಫ್ ಅನ್ನುವ ಇನ್ನೊಂದು ಲೆಕ್ಕ. ಹೊಗೆಯ ಮಸಿಯನ್ನು ಹಿಡಿದಿಟ್ಟು, ಆಗಾಗ ಹೆಚ್ಚು ಎಣ್ಣೆ ಬಿಟ್ಟು ಸುಡುವ ಜಾಲರಿ ಅದು. ದಿನಾ ಗೋಕುಲ ರೋಡಿನಿಂದ ಕೊಪ್ಪೀಕರ್ ರೋಡಿಗೆ ಅಂತ ಚೂರುಪಾರು ಓಡಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಂತು ಪದೇಪದೇ ಶುರುವಾಗುತ್ತದೆ. ಎಣ್ಣೆ ವ್ಯರ್ಥ. ವಾರಕ್ಕೊಮ್ಮೆಯಾದರೂ ಬೈಪಾಸಿಗೋ ಹಾವೇರಿ ಹೆದ್ದಾರಿಗೋ ಬಿಟ್ಟು ಇಪ್ಪತ್ತು ಮೂವತ್ತು ನಿಮಿಷ ಒಂದೇ ಹದದಲ್ಲಿ ಓಡಿಸಿ.

ಹೆಜ್ಜೆ 7: ಟಾರ್ ಮೇಲೆ ಕಾಲು ಹಗುರವಾಗಿರಲಿ

ಡೀಸೆಲ್ ಗಾಡಿಯನ್ನು 1,500ರಿಂದ 2,000 ಆರ್‌ಪಿಎಂ ನಡುವೆ ಇಟ್ಟುಕೊಂಡು ಗೇರ್ ಏರಿಸುತ್ತಾ ಹೋಗಿ. ದಢದಢ ಅನ್ನುವಷ್ಟು ಕೆಳಗೂ ಎಳೆಸಬೇಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಾಳಿ ಬಿಡಿ. ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತನ್ನಷ್ಟಕ್ಕೆ ಓಡಲು ಎಣ್ಣೆ ಕುಡಿಯುತ್ತದೆ. ಮೇಲಾಗಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನ್ಯೂಟ್ರಲ್ ಅಂದರೆ ಬ್ರೇಕ್ ಸುಟ್ಟುಕೊಂಡ ಹಾಗೆ. ರೈಲ್ವೆ ಗೇಟ್ ಹಾಕಿದ್ದರೆ ಎಂಜಿನ್ ಆಫ್ ಮಾಡಿ. ಟರ್ಬೊ ಗಾಡಿ ಜೋರಾಗಿ ಎಳೆದುಕೊಂಡು ಬಂದಿದ್ದರೆ ಮಾತ್ರ ಅರ್ಧ ನಿಮಿಷ, ಒಂದು ನಿಮಿಷ ತಣಿಯಲು ಬಿಟ್ಟು ಆಫ್ ಮಾಡಿ.

ಹೆಜ್ಜೆ 8: ಹೊಲದೊಳಗೆ

ಇಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕವೇ ಬೇಡ. ಗಂಟೆಗೆ ಎಷ್ಟು ಲೀಟರ್ ಅಂತ ಯೋಚಿಸಿ. ಚಕ್ರ ತಿರುಗಿ ಗಾಡಿ ಮುಂದೆ ಹೋಗದಿದ್ದರೆ ಆ ಎಣ್ಣೆಯೆಲ್ಲ ರಾಡಿ ಕಲಸುವುದಕ್ಕೆ ಹೋಯಿತು.

ನೆಲ ನೋಡಿ ನಿರ್ಧರಿಸಿ. ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿ ನೆಲ, ಅಂದರೆ ಕೆಂಪು ಮಣ್ಣು, ಮಳೆ ನಿಂತ ಮೇಲೆ ಬೇಗ ಗಟ್ಟಿಯಾಗುತ್ತದೆ, 2ಎಚ್‌ನಲ್ಲೇ ಹೋಗಬಹುದು. ಎರಿ ಹಾಗಲ್ಲ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹಸಿ. ಹೊಲದವನನ್ನು ಕೇಳಿ, ಕುಂಟೆ ಹೂಡಲು ಹದ ಬಂದಿಲ್ಲ ಅಂದರೆ ಗಾಡಿಗೂ ಹದ ಬಂದಿಲ್ಲ. ಚಕ್ಕಡಿ ದಾರಿಯಲ್ಲಿ ಗಾಡಿ ಬಿಟ್ಟು ನಡೆದುಹೋಗುವುದು ಎಲ್ಲಕ್ಕಿಂತ ಅಗ್ಗ.

ಇಳಿಯಲೇಬೇಕಾದರೆ ಮೊದಲೇ 4ಎಚ್ ಹಾಕಿ, ಹುಗಿದ ಮೇಲೆ ಹಾಕಬೇಡಿ. ನಿಧಾನವಾಗಿ ಎಳೆಯಬೇಕಾದ ಜಾಗದಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ವೇಗ ಕಡಿಮೆ, ಎಳೆತ ಜಾಸ್ತಿ), ಎರಡನೇ ಗೇರ್. 4ಎಲ್ ಅಂದರೆ ಎಣ್ಣೆ ಜಾಸ್ತಿ ಅಂತ ಹೆದರಿ 4ಎಚ್‌ನಲ್ಲೇ ಕ್ಲಚ್ ಜಾರಿಸುತ್ತಾ ಎಂಜಿನ್ ಕೂಗಿಸುವವರು ಎಣ್ಣೆಯನ್ನೂ ಕಳೆಯುತ್ತಾರೆ, ಕ್ಲಚ್ ಪ್ಲೇಟನ್ನೂ ಕಳೆಯುತ್ತಾರೆ. ಒಂದೇ ಹದದಲ್ಲಿ ಸಾಗಿ, ನಡುವೆ ನಿಲ್ಲಬೇಡಿ. ಚಕ್ರ ಎರಡು ಮೂರು ಸುತ್ತು ಖಾಲಿ ತಿರುಗಿತು ಅಂದರೆ ಕಾಲು ತೆಗೆದು, ಬಂದ ಜಾಡಿನಲ್ಲೇ ಹಿಂದೆ ಬನ್ನಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ದಾರಿ ಬಿಟ್ಟು ಗಾಡಿ ಹತ್ತಿಸುವ ಹುಮ್ಮಸ್ಸು ಬೇಡ.

ಪೆಟ್ರೋಲ್ ಗಾಡಿಯವರಿಗೆ ಒಂದು ಮಾತು

ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಹಾವೇರಿಯಲ್ಲಿ ಬೆಳೆಯುವ ಗೋವಿನಜೋಳದಂಥ ಬೆಳೆಯಿಂದಲೂ ಈ ಎಥನಾಲ್ ತಯಾರಾಗುತ್ತದೆ. ಲೀಟರಿಗೆ ಲೀಟರ್ ನೋಡಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯ ಪ್ರಕಾರ ಹಳೇ ಪೆಟ್ರೋಲಿಗೆ ತಯಾರಾದ ಕಾರುಗಳಲ್ಲಿ ಶೇಕಡಾ 6-7, ಇ20ಗೆ ಹೊಂದಿಸಿದ ಕಾರುಗಳಲ್ಲಿ 1-2ರಷ್ಟು ಮೈಲೇಜ್ ಇಳಿಯಬಹುದು. ಜಿಪ್ಸಿ ಇಟ್ಟುಕೊಂಡವರು ಇಷ್ಟನ್ನು ಲೆಕ್ಕದಿಂದ ಬಿಟ್ಟುಬಿಡಿ, ಮೆಕ್ಯಾನಿಕ್ ಮೇಲೆ ಹಾಕಬೇಡಿ. ಆದರೆ ಹಳೇ ರಬ್ಬರ್ ಇಂಧನ ಪೈಪುಗಳನ್ನು ಒಮ್ಮೆ ನೋಡಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಇಂಧನ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಲೈಟರಿಗೆ ಚುಚ್ಚುವ 'ಮೈಲೇಜ್ ಸೇವರ್', ಟಾಕಿಗೆ ಹಾಕುವ ಗುಳಿಗೆ, ಯಾವುದೂ ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಪ್ರೆಷರ್ ಗೇಜ್ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಏರದಿದ್ದರೆ

ಹೊಗೆ ನೋಡಿ. ಗಾಡಿ ಬಿಸಿಯಾದ ಮೇಲೆ ಯಾರನ್ನಾದರೂ ಹಿಂದೆ ನಿಲ್ಲಿಸಿ, ಆಕ್ಸಿಲರೇಟರ್ ಒಮ್ಮೆ ಒತ್ತಿ. ಕಪ್ಪು ಹೊಗೆ ಬಂದರೆ ಎಣ್ಣೆ ಜಾಸ್ತಿ ಅಥವಾ ಗಾಳಿ ಕಡಿಮೆ. ಇಂಜೆಕ್ಟರ್, ಟರ್ಬೊ ಪೈಪಿನ ಬಿರುಕು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ಈ ಸಾಲಿನಲ್ಲಿ ನೋಡಿಸಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲಂಟ್ ಒಳಗೆ ಹೋಗುತ್ತಿದೆ. ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಗಾಡಿ ಓಡಿಸಬೇಡಿ.

ಹೊಗೆ ಏನೂ ಇಲ್ಲ, ಆದರೂ ಏರಿನಲ್ಲಿ ಆರ್‌ಪಿಎಂ ಏರಿ ವೇಗ ಏರುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಗ್ಯಾರೇಜಿಗೆ ಹೋಗುವಾಗ ಟಾಕಿಯಿಂದ ಟಾಕಿಗೆ ಬರೆದಿಟ್ಟ ಅಂಕಿಗಳ ಚೀಟಿ ಜೊತೆಗಿರಲಿ. "ಮೈಲೇಜ್ ಕೊಡವಲ್ದು" ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್ ಮೊದಲು ಫಿಲ್ಟರ್ ಬದಲಿಸಿ ಬಿಲ್ ಕೊಡುತ್ತಾನೆ. ಯಾವ ತಿಂಗಳಿಂದ ಇಳಿಯಿತು, ಅದಕ್ಕೆ ಮೊದಲು ಏನು ಕೆಲಸ ಮಾಡಿಸಿದ್ದಿರಿ, ಯಾವ ರಸ್ತೆಯಲ್ಲಿ ಎಷ್ಟು ಬಂತು ಅನ್ನುವುದನ್ನು ತೋರಿಸಿದರೆ ಅವನು ಸರಿಯಾದ ಬೋಲ್ಟಿನಿಂದಲೇ ಬಿಚ್ಚಲು ಶುರುಮಾಡಬಹುದು.